ಹೆಣ ಬಿದ್ದ ಲೈಬ್ರರಿ

ಪತ್ತೇದಾರಿ ಕಾದಂಬರಿ ಓದುವವರಿಗೆ ಕೊಲೆಗಾರನಿಗಿಂತ ದೊಡ್ಡ ಶತ್ರು ಒಬ್ಬನಿದ್ದಾನೆ: ಅದೇ ಪುಸ್ತಕವನ್ನು ಮೊದಲೇ ಓದಿದವನು. ಬಾಡಿಗೆ ಲೈಬ್ರರಿಗಳ ಕಾಲದಲ್ಲಿ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕೊನೆಗೆ ಹಿಡಿಯಬೇಕಾದ ಖದೀಮನ ಹೆಸರಿಗೆ ಯಾರೋ ಪುಣ್ಯಾತ್ಮ ಮೂರನೇ ಪುಟದಲ್ಲೇ ಪೆನ್ಸಿಲ್ಲಿನಿಂದ ಸುತ್ತುಹಾಕಿ ‘ಇವನೇ!’ ಎಂದು ಬರೆದಿರುತ್ತಿದ್ದ. ಕೊನೆಯ ಹಾಳೆ ಹರಿದುಕೊಂಡು ಹೋದವನೇ ವಾಸಿ. ಊಹಿಸುವ ಸುಖವನ್ನಾದರೂ ಉಳಿಸುತ್ತಿದ್ದ.

ಲೈಬ್ರರಿಯವರು ಮಾತ್ರ ಎಲ್ಲ ಗೊತ್ತಿದ್ದೂ ಸುಮ್ಮನೆ ಮುದ್ರೆ ಒತ್ತುತ್ತಿದ್ದರು. ಇಂಥವರಿಗೆ ಪತ್ತೇದಾರಿ ಕಾದಂಬರಿಗಳಲ್ಲಿ ನ್ಯಾಯ ಎಲ್ಲಿ? ಅಗಾಥಾ ಕ್ರಿಸ್ಟಿ 1942ರಲ್ಲಿ ‘ದ ಬಾಡಿ ಇನ್ ದ ಲೈಬ್ರರಿ’ ಕಾದಂಬರಿ ತಂದರು. ಹೆಣ ಸಿಕ್ಕಿದ್ದು ಕರ್ನಲ್ ಸಾಹೇಬರ ಮನೆಯ ಪುಸ್ತಕದ ಕೋಣೆಯಲ್ಲಿ. ಲೈಬ್ರರಿ ಉಂಟು, ಲೈಬ್ರರಿಯನ್ ಇಲ್ಲ! ಇದ್ದಿದ್ದರೆ ಪತ್ತೇದಾರಿಣಿ ಮಿಸ್ ಮಾರ್ಪಲ್ ಬರುವಷ್ಟರಲ್ಲಿ ರಿಜಿಸ್ಟರ್ ತೆಗೆದು, ಬಂದು ಹೋದವರ ಹೆಸರು ಓದಿ, ದಂಡವನ್ನೂ ವಸೂಲು ಮಾಡಿರುತ್ತಿದ್ದರು. ಕಾದಂಬರಿಕಾರರೇ, ಮುಂದಿನ ಕೊಲೆಗಾದರೂ ಲೈಬ್ರರಿಯನ್ನರನ್ನು ಕರೆಯಿರಿ.