ಮಲ್ಟಿವರ್ಸ್ ಬಳಸುವ ವಿಧಾನ: ಸೋಂಪುರ ಹೋಬಳಿಯ ಗ್ರಾಹಕರಿಗೆ

ಮಲ್ಟಿವರ್ಸ್ ಕೊಂಡದ್ದಕ್ಕೆ ಧನ್ಯವಾದಗಳು. ಕೊಂಡಿಲ್ಲ, ಭಾವಮೈದುನನ ಓಟಿಟಿ ಪಾಸ್‌ವರ್ಡಿನಲ್ಲಿ ನೋಡುತ್ತಿದ್ದೇವೆ ಎನ್ನುವವರಿಗೂ ಧನ್ಯವಾದಗಳು. ಚಾಲೂ ಮಾಡುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ನೇರವಾಗಿ ಇಪ್ಪತ್ತನೆಯ ಸಿನಿಮಾಕ್ಕೆ ಕೂತು ‘ಇವನು ಆಗಲೇ ಸತ್ತಿದ್ದನಲ್ಲ?’ ಎಂದು ಕೇಳಿದರೆ ಪಕ್ಕದಲ್ಲಿರುವ ಮಗ ಉತ್ತರ ಕೊಡುವುದಿಲ್ಲ. ಕೊಟ್ಟರೂ ಅದು ಇನ್ನೊಂದು ಸಿನಿಮಾದ ಹೆಸರಾಗಿರುತ್ತದೆ.

1. ಮೊದಲು ವಿಳಾಸ ಸರಿಮಾಡಿಕೊಳ್ಳಿ

ಬೆಂಗಳೂರಿನ ಸುತ್ತ ಸೋಂಪುರಗಳು ಹಲವು. ನೆಲಮಂಗಲ ತಾಲ್ಲೂಕಿನಲ್ಲಿ, ದಾಬಸ್‌ಪೇಟೆಯ ಮಗ್ಗುಲಲ್ಲಿ, ಕೈಗಾರಿಕಾ ಪ್ರದೇಶವನ್ನು ಹೊತ್ತುಕೊಂಡಿರುವುದು ನಮ್ಮದು. ಸರ್ಜಾಪುರ ರಸ್ತೆಯಲ್ಲೊಂದಿದೆ. ನೈಸ್ ರಸ್ತೆಯಲ್ಲಿ ಕೆಂಗೇರಿ ಕಡೆ ಹೋದರೆ ಇನ್ನೊಂದು. ಮೊಬೈಲಿನಲ್ಲಿ ಬರೀ ‘ಸೋಂಪುರ’ ಎಂದು ಒತ್ತಿ ಹೊರಟ ಡೆಲಿವರಿ ಹುಡುಗ ನಗರದ ಆಚೆ ತುದಿಯಿಂದ ಫೋನು ಮಾಡಿ, ‘ಸೋಂಪುರದಲ್ಲೇ ಇದ್ದೀನಿ ಸರ್, ನೀವೆಲ್ಲಿದ್ದೀರ?’ ಎನ್ನುತ್ತಾನೆ. ಅವನದ್ದೂ ಸುಳ್ಳಲ್ಲ, ನಿಮ್ಮದೂ ಸುಳ್ಳಲ್ಲ. ಮಲ್ಟಿವರ್ಸಿನ ಮೊದಲ ಪಾಠ ಇಷ್ಟೇ.

ಸೂಪರ್‌ಹೀರೋಗಳಿಗೆ ಈ ತೊಡಕು ಅಂಟಿಕೊಂಡದ್ದು ವ್ಯಾಪಾರದಿಂದ. ಡಿಸಿ ಕಾಮಿಕ್ಸಿನವರು 1940ರ ದಶಕದ ಫ್ಲ್ಯಾಶ್‌ನನ್ನು ಮೂಲೆಗಿಟ್ಟು, 1956ರಲ್ಲಿ ಅದೇ ಹೆಸರಿನಲ್ಲಿ ಬೇರೊಬ್ಬನನ್ನು ಶುರುಮಾಡಿದರು. ಹಳಬ ಎಲ್ಲಿ ಹೋದ ಎಂಬ ಪ್ರಶ್ನೆ ಉಳಿಯಿತು. 1961ರಲ್ಲಿ, ‘ದಿ ಫ್ಲ್ಯಾಶ್’ ಪತ್ರಿಕೆಯ 123ನೇ ಸಂಚಿಕೆಯಲ್ಲಿ, ಗಾರ್ಡ್ನರ್ ಫಾಕ್ಸ್ ಅದಕ್ಕೊಂದು ಉತ್ತರ ಬರೆದ: ಹಳಬ ಇನ್ನೊಂದು ಭೂಮಿಯಲ್ಲಿದ್ದಾನೆ. ಹೊಸಬ ಬ್ಯಾರಿ ಆಲನ್, ತಾನು ಹಿಂದೆ ಕಾಮಿಕ್ ಪುಸ್ತಕದಲ್ಲಿ ಓದಿದ್ದ ಜೇ ಗ್ಯಾರಿಕ್‌ನನ್ನು ಅಲ್ಲಿ ಮುಖಾಮುಖಿ ಕಾಣುತ್ತಾನೆ. ಗೋದಾಮಿನಲ್ಲಿದ್ದ ಹಳೆಯ ಸರಕೂ ಖರ್ಚಾಯಿತು, ಹೊಸದೂ ಓಡಿತು. ಅಂದಿನಿಂದ ಭೂಮಿಗಳಿಗೆ ನಂಬರು ಹಚ್ಚುವ ಕೆಲಸ ನಿಂತಿಲ್ಲ. 2022ರ ಡಾಕ್ಟರ್ ಸ್ಟ್ರೇಂಜ್ ಚಿತ್ರದಲ್ಲಿ ಮಾರ್ವೆಲ್‌ನ ಮಾಮೂಲಿ ಭೂಮಿಗೆ 616, ಅವನು ಹೋಗಿ ಸಿಕ್ಕಿಹಾಕಿಕೊಳ್ಳುವ ಭೂಮಿಗೆ 838.

ನಂಬರು ನೆನಪಿಡಲಾಗದ ಗ್ರಾಹಕರು ಮನೆಯಲ್ಲಿ ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಗಮನವಿಟ್ಟು ಕೇಳಲಿ. ಯಾವ ಕಲ್ಪ, ಯಾವ ಮನ್ವಂತರ, ಯಾವ ಯುಗದ ಎಷ್ಟನೇ ಪಾದ, ಯಾವ ದ್ವೀಪ, ಯಾವ ಖಂಡ, ಗೋದಾವರಿಯ ಯಾವ ದಡ, ಯಾವ ಸಂವತ್ಸರ, ಯಾವ ತಿಥಿ. ಶ್ವೇತವರಾಹ ಕಲ್ಪದಿಂದ ಇಳಿಯುತ್ತ ಇಳಿಯುತ್ತ ನಿಮ್ಮ ಮನೆಯ ಮಣೆಯ ತನಕ. ಇಷ್ಟು ವಿಳಾಸ ಕೊಟ್ಟ ಮೇಲೆ ಪುಣ್ಯ ಸರ್ಜಾಪುರದ ಸೋಂಪುರಕ್ಕೆ ಡೆಲಿವರಿ ಆಗುವ ಭಯವಿಲ್ಲ.

2. ಮಾದರಿಗಳು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡಿವೆ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ.

ಮೊದಲನೆಯದು ತಿದ್ದುವ ಮಾದರಿ. ಕಾಲದ ದಾರಿ ಒಂದೇ. ಹಿಂದೆ ಹೋಗಿ ಅಳಿಸಿ ಬರೆದರೆ ಮುಂದಿನದೆಲ್ಲ ಬದಲಾಗುತ್ತದೆ. 1978ರ ‘ಸೂಪರ್‌ಮ್ಯಾನ್’ನಲ್ಲಿ ಪ್ರೇಯಸಿ ಲೋಯಿಸ್ ಲೇನ್ ಸತ್ತಾಗ ಅವನು ಭೂಮಿಯ ಸುತ್ತ ಗಿರಗಿರನೆ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. 2014ರ ಎಕ್ಸ್-ಮೆನ್ ಚಿತ್ರದಲ್ಲಿ ವುಲ್ವರೀನ್‌ನ ಪ್ರಜ್ಞೆಯನ್ನಷ್ಟೇ 1973ರ ಅವನದೇ ದೇಹಕ್ಕೆ ಕಳಿಸುತ್ತಾರೆ. ಅಲ್ಲಿ ಕೆಲಸ ಕೆಟ್ಟಿತೋ, ಇಲ್ಲಿ ಎಲ್ಲರೂ ಹೋದರು. ಈ ಮಾದರಿ ನಮ್ಮ ಹೋಬಳಿಗೆ ಹೊಸದಲ್ಲ. ಶಿವಗಂಗೆ ಬೆಟ್ಟದ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಭಕ್ತರು ನಂಬುತ್ತಾರೆ. ಬೆಣ್ಣೆ ಕಾಸಿ ತುಪ್ಪ ಮಾಡುವುದು ಎಲ್ಲರ ಮನೆಯಲ್ಲೂ ಉಂಟು. ತುಪ್ಪ ವಾಪಸು ಬೆಣ್ಣೆಯಾಗಬೇಕಾದರೆ ಕಾಲವೇ ಹಿಮ್ಮುಖ ನಡೆಯಬೇಕು. ಸೂಪರ್‌ಮ್ಯಾನ್ ಅಷ್ಟು ಸುತ್ತಿ ಮಾಡಿದ್ದನ್ನು ಈತ ಕೂತಲ್ಲೇ ಮಾಡುತ್ತಾನೆ.

ಎರಡನೆಯದು ಕವಲಿನ ಮಾದರಿ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಇದನ್ನು ಮನೆಮಾತು ಮಾಡಿತು. ನೀವು ಹಿಂದೆ ಹೋಗಿ ಏನು ಕಿತಾಪತಿ ಮಾಡಿದರೂ ನಿಮ್ಮ ಇಂದಿನ ದಿನ ಕದಲುವುದಿಲ್ಲ. ಅಲ್ಲಿಂದ ಬೇರೊಂದು ಕೊಂಬೆ ಒಡೆಯುತ್ತದೆ, ಅಷ್ಟೇ. ಅದಕ್ಕೇ ಹಿಂದಿನ ಕಾಲದಿಂದ ಕಡ ತಂದ ಇನ್ಫಿನಿಟಿ ಕಲ್ಲುಗಳನ್ನು ತಂದ ಕ್ಷಣಕ್ಕೇ ಒಯ್ದು ಇಡಬೇಕು ಎಂಬ ಷರತ್ತು. ಕಲ್ಲು ಹಿಂದಿರುಗಿಸಲು ಹೋದ, ನಾಯಕರಲ್ಲೊಬ್ಬನಾದ ಸ್ಟೀವ್ ರೋಜರ್ಸ್ ಮಾತ್ರ ಹಳೆಯ ಪ್ರೇಮಿಯ ಜೊತೆ ಸಂಸಾರ ಹೂಡಿ, ಮುದುಕನಾಗಿ ಬಂದು ಬೆಂಚಿನ ಮೇಲೆ ಕೂತ. ಆ ಸಂಸಾರ ನಡೆದದ್ದು ಯಾವ ಕೊಂಬೆಯಲ್ಲಿ? ಬೇರೆ ಟೈಮ್‌ಲೈನಿನಲ್ಲಿ ಎಂದರು ನಿರ್ದೇಶಕ ರುಸ್ಸೋ ಸಹೋದರರು. ಇಲ್ಲ, ಇದೇ ಟೈಮ್‌ಲೈನಿನಲ್ಲಿ ಎಂದರು ಚಿತ್ರಕತೆ ಬರೆದ ಮಾರ್ಕಸ್ ಮತ್ತು ಮೆಕ್‌ಫೀಲಿ. ತಯಾರಕರಿಗೇ ಗೊತ್ತಿಲ್ಲದ ಯಂತ್ರಕ್ಕೆ ಸಹಾಯವಾಣಿ ಕೇಳಬೇಡಿ.

ಎರಡನ್ನೂ ಬೆರೆಸಿದ ಮಾದರಿ 2023ರ ‘ದಿ ಫ್ಲ್ಯಾಶ್’ನಲ್ಲಿದೆ. ಅಲ್ಲಿ ಮೈಕಲ್ ಕೀಟನ್‌ನ ಬ್ಯಾಟ್‌ಮ್ಯಾನ್ ಸ್ಪಗೆಟಿ ಹಿಡಿದು ಇಡೀ ತತ್ವವನ್ನು ವಿವರಿಸುತ್ತಾನೆ. ಮನೆಯಲ್ಲಿ ಪ್ರಯೋಗ ಮಾಡುವವರು ಒತ್ತುಶಾವಿಗೆ ಬಳಸಬಹುದು. ಆಮೇಲೂ ಅರ್ಥವಾಗದಿದ್ದರೆ ಕಾಯಿಹಾಲು ಹಾಕಿಕೊಂಡು ತಿಂದುಬಿಡಿ.

3. ಶುಚಿಗೊಳಿಸುವುದು

ಬೇಡ. ಭೂಮಿಗಳು ಮಿತಿಮೀರಿದವೆಂದು ಡಿಸಿಯವರು 1985ರಲ್ಲಿ ಹನ್ನೆರಡು ಸಂಚಿಕೆ ಖರ್ಚುಮಾಡಿ ಎಲ್ಲವನ್ನೂ ಒಂದೇ ಮಾಡಿದರು. ಅವು ಮತ್ತೆ ಚಿಗುರಿದವು.

4. ಕಚೇರಿ ವ್ಯವಹಾರ

2021ರಲ್ಲಿ ಬಂದ ‘ಲೋಕಿ’ ಸರಣಿಯಲ್ಲಿ ಟೈಮ್‌ಲೈನುಗಳನ್ನು ಕಾಯುವ ಟಿವಿಎ ಎಂಬ ಇಲಾಖೆ ಇದೆ. ‘ಪವಿತ್ರ ಟೈಮ್‌ಲೈನ್’ ಒಂದನ್ನು ಬಿಟ್ಟು ಉಳಿದ ಕೊಂಬೆಗಳನ್ನೆಲ್ಲ ಸವರುವುದು ಅದರ ಕೆಲಸ. ನಾಡಕಚೇರಿಯಲ್ಲಿ ಒಮ್ಮೆಯಾದರೂ ಸರದಿ ನಿಂತವರಿಗೆ ಈ ಭಾಗಕ್ಕೆ ಮಾರ್ಗದರ್ಶನ ಬೇಕಿಲ್ಲ. ದೇವಲೋಕದ ರಾಜಕುಮಾರನೇ ಆದರೂ ಟೋಕನ್ ತೆಗೆದುಕೊಳ್ಳಬೇಕು. ಟೋಕನ್ ಇಲ್ಲದವನನ್ನು ಅಲ್ಲೇ ಅಳಿಸಿಹಾಕುತ್ತಾರೆ. ಹುಟ್ಟಿದಂದಿನಿಂದ ಆಡಿದ ಮಾತುಗಳನ್ನೆಲ್ಲ ಮುದ್ರಿಸಿದ ಕಾಗದದ ರಾಶಿಗೆ ಸಹಿ ಹಾಕಬೇಕು. ಬ್ರಹ್ಮಾಂಡವನ್ನೇ ನಡುಗಿಸಿದ ಇನ್ಫಿನಿಟಿ ಕಲ್ಲುಗಳು ಗುಮಾಸ್ತನ ಡ್ರಾಯರಿನಲ್ಲಿ ಬಿದ್ದಿವೆ. ಕೆಲವರು ಅವನ್ನು ಕಾಗದ ಹಾರದಂತೆ ಇಡಲು ಬಳಸುತ್ತಾರಂತೆ. ಇಡೀ ಮಾರ್ವೆಲ್ ಸಾಹಿತ್ಯದಲ್ಲಿ ನಾನು ಚರ್ಚೆಯಿಲ್ಲದೆ ನಂಬುವ ವಿವರ ಇದೊಂದೇ.

5. ಒಬ್ಬನೇ ಮೂವರಾದಾಗ

2021ರ ಡಿಸೆಂಬರಿನಲ್ಲಿ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ನಲ್ಲಿ ಮೂವರು ಸ್ಪೈಡರ್‌ಮ್ಯಾನ್‌ಗಳು ಒಟ್ಟಿಗೆ ಬಂದಾಗ ಜಗತ್ತೇ ಸೀಟಿ ಹೊಡೆಯಿತು. ಕನ್ನಡ ಗ್ರಾಹಕರು ಇದಕ್ಕಾಗಿ ಉಪಕರಣವನ್ನು ಬದಲಾಯಿಸಬೇಕಿಲ್ಲ. 1978ರ ‘ಶಂಕರ್ ಗುರು’ದಲ್ಲಿ ಅಪ್ಪನೂ ರಾಜ್‌ಕುಮಾರ್, ಇಬ್ಬರು ಮಕ್ಕಳೂ ರಾಜ್‌ಕುಮಾರ್. ಹಾಲಿವುಡ್ಡಿಗೆ ಮೂವರು ನಟರು, ಮೂರು ಸಂಭಾವನೆ ಬೇಕಾಯಿತು. ನಮ್ಮಲ್ಲಿ ಒಬ್ಬರೇ ಮುಗಿಸಿದರು.

ಅದಕ್ಕೆ ಒಂದು ವರ್ಷ ಹಿಂದಿನ ‘ಬಭ್ರುವಾಹನ’ ಇನ್ನೂ ಗಟ್ಟಿ ಪದಾರ್ಥ. ಅರ್ಜುನನೂ ಅವರೇ, ಅವನೆದುರು ಬಿಲ್ಲು ಹಿಡಿಯುವ ಮಗನೂ ಅವರೇ. ಮಹಾಭಾರತದ ಆ ಕತೆಯಲ್ಲಿ ಮಗನ ಬಾಣಕ್ಕೆ ಅರ್ಜುನ ಸಾಯುತ್ತಾನೆ, ಉಲೂಪಿಯ ಮಣಿಯಿಂದ ಏಳುತ್ತಾನೆ. ಸತ್ತವನು ಎದ್ದದ್ದಕ್ಕೆ ಲೆಕ್ಕ ಇದೆ ಎಂಬುದನ್ನು ಗಮನಿಸಿ: ಶಿಖಂಡಿಯನ್ನು ಮುಂದಿಟ್ಟು ಭೀಷ್ಮನನ್ನು ಕೆಡವಿದ ಪಾಪ, ಅದಕ್ಕೆ ವಸುಗಳ ಶಾಪ, ಆ ಶಾಪ ತೀರಲು ಮಗನ ಕೈಯಲ್ಲೇ ಸಾವು. ಬಾಕಿ ಕಟ್ಟಿಯೇ ಅವನು ಎದ್ದಿದ್ದಾನೆ. ಈ ಮಾತು ಮುಂದೆ ವಾರಂಟಿ ಓದುವಾಗ ಬೇಕಾಗುತ್ತದೆ.

6. ಮುಟ್ಟಬಾರದ ಭಾಗ

2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡದಲ್ಲೂ ಡಬ್ ಆಗಿ ಬಂತು. ಅದರಲ್ಲಿ ಮಿಗೆಲ್ ಒಹಾರಾ ಎಂಬ ಮೇಲ್ವಿಚಾರಕ ಒಂದು ಕಾನೂನು ಹೇಳುತ್ತಾನೆ. ಎಲ್ಲ ಲೋಕದ ಸ್ಪೈಡರ್‌ಮ್ಯಾನ್‌ಗೂ ಕೆಲವು ದುಃಖಗಳು ತಪ್ಪುವಂತಿಲ್ಲ. ಹತ್ತಿರದ ಪೊಲೀಸ್ ಅಧಿಕಾರಿಯೊಬ್ಬ ಸಾಯಲೇಬೇಕು. ತಪ್ಪಿಸಿದರೆ ಆ ಲೋಕವೇ ಹರಿದುಹೋಗುತ್ತದೆ. ಹುಡುಗ ಸ್ಪೈಡರ್‌ಮ್ಯಾನ್ ಮೈಲ್ಸ್ ಒಪ್ಪುವುದಿಲ್ಲ, ಪೊಲೀಸನಾದ ಅಪ್ಪನನ್ನು ಉಳಿಸಲು ಓಡುತ್ತಾನೆ.

ಇದೇ ವಾದವನ್ನು ಅಧ್ಯಾತ್ಮ ರಾಮಾಯಣದಲ್ಲಿ ಸೀತೆ ಹೂಡುತ್ತಾಳೆ, ಆದರೆ ತಲೆಕೆಳಗು ಮಾಡಿ. ಕಾಡಿಗೆ ಬರಬೇಡ ಎನ್ನುತ್ತಾನೆ ರಾಮ. ಇದಕ್ಕೆ ಮೊದಲು ಎಷ್ಟೋ ರಾಮಾಯಣಗಳನ್ನು ಕೇಳಿದ್ದೇವಲ್ಲ, ಸೀತೆ ಜೊತೆಗೆ ಹೋಗದ ರಾಮಾಯಣ ಯಾವುದಾದರೂ ಉಂಟೇ, ಎಂದು ಅವಳು ಕೇಳುತ್ತಾಳೆ. ರಾಮನ ಬಳಿ ಉತ್ತರವಿಲ್ಲ. ಮಿಗೆಲ್ ಬೇಲಿ ಕಟ್ಟಲು ಬಳಸುವ ನಿಯಮವನ್ನು ಸೀತೆ ಬಾಗಿಲು ತೆರೆಯಲು ಬಳಸಿದಳು. ಹತ್ತಾರು ಮಲ್ಟಿವರ್ಸ್ ಸಿನಿಮಾಗಳಲ್ಲಿ ಇಷ್ಟು ಚುರುಕಿನ ಸಂಭಾಷಣೆ ನನಗೆ ಸಿಕ್ಕಿಲ್ಲ.

ಸೀತೆ ಕಾಡಿಗೆ ಹೋಗುವ ವಿಷಯ ಬಿಟ್ಟರೆ ಉಳಿದದ್ದನ್ನು ನಮ್ಮ ಕವಿಗಳು ಧಾರಾಳವಾಗಿ ಮುಟ್ಟಿದ್ದಾರೆ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. 1967ರ ಜ್ಞಾನಪೀಠ ಪಡೆದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಂದಿಗೆ ರಾಮನೂ ಬೆಂಕಿ ಹೊಗುತ್ತಾನೆ. ಪಂಪ 941ರಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಯಾವ ಆಕಾಶವೂ ಹರಿಯಲಿಲ್ಲ, ಯಾವ ಇಲಾಖೆಯೂ ಇವನ್ನು ಸವರಲು ಬರಲಿಲ್ಲ. ಹಾಗಂತ ಬೀಗುವಂತೆಯೂ ಇಲ್ಲ. ಇಂಥ ರಾಮಾಯಣಗಳ ಬಗ್ಗೆಯೇ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಬರೆದ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಇತಿಹಾಸದ ಪಠ್ಯದಿಂದ ತೆಗೆದುಹಾಕಿತು. ಟಿವಿಎ ಶಾಖೆಗಳು ಎಲ್ಲ ಕಡೆ ಇವೆ.

7. ವಾರಂಟಿ

ರಾಮಾನುಜನ್ ಅವರ ಆ ಪ್ರಬಂಧದಲ್ಲಿ ಬರುವ ಒಂದು ಜನಪದ ಕತೆಯನ್ನು ಪರೀಕ್ಷಾ ಸಾಧನವಾಗಿ ಇಟ್ಟುಕೊಳ್ಳಿ. ರಾಮನ ಉಂಗುರ ನೆಲದ ಬಿರುಕಿನಲ್ಲಿ ಬೀಳುತ್ತದೆ. ಹುಡುಕುತ್ತ ಹನುಮಂತ ಪಾತಾಳಕ್ಕೆ ಇಳಿದರೆ ಅಲ್ಲಿಯ ಭೂತರಾಜ ಹರಿವಾಣದ ತುಂಬ ಉಂಗುರ ತಂದಿಟ್ಟು, ನಿನ್ನ ರಾಮನದು ಯಾವುದೋ ಆರಿಸಿಕೋ ಎನ್ನುತ್ತಾನೆ. ಎಲ್ಲವೂ ಒಂದೇ ಥರ. ಎಷ್ಟು ಉಂಗುರವೋ ಅಷ್ಟು ರಾಮರು ಆಗಿಹೋಗಿದ್ದಾರೆ. ಅವತಾರ ಮುಗಿಯುವ ಹೊತ್ತಿಗೆ ಉಂಗುರ ಬೀಳುತ್ತದೆ. ಹನುಮಂತ ಮೇಲೆ ಹೋಗುವಷ್ಟರಲ್ಲಿ ರಾಮ ಇರುವುದಿಲ್ಲ. ಲೋಕಗಳು ಲೆಕ್ಕವಿಲ್ಲದಷ್ಟಿದ್ದರೂ ಬಿದ್ದ ಉಂಗುರ ಬಿದ್ದದ್ದೇ.

ಸಿನಿಮಾ ಮುಗಿದ ಮೇಲೆ ಕೇಳಬೇಕಾದದ್ದು ಇದೊಂದೇ: ಇಲ್ಲಿ ಉಂಗುರ ಬಿತ್ತೇ? ಟೈಮ್‌ಲೈನಿನ ನಕ್ಷೆ ಬರೆದು ತಲೆ ಕೆಡಿಸಿಕೊಳ್ಳುವುದು ಬೇಕಿಲ್ಲ. ವುಲ್ವರೀನ್ 2017ರ ‘ಲೋಗನ್’ನಲ್ಲಿ ಸತ್ತ, ಚೆನ್ನಾಗಿ ಸತ್ತ. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರೀನ್’ ಅವನ ಗೋರಿ ಅಗೆದು, ಮೂಳೆಗಳನ್ನೇ ಆಯುಧ ಮಾಡಿಕೊಂಡು ಶುರುವಾಗುತ್ತದೆ. ಕನಿಷ್ಠ ಪಕ್ಷ ಅಗೆಯುತ್ತಿದ್ದೇವೆ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದಕ್ಕಿದೆ. ಟೋನಿ ಸ್ಟಾರ್ಕ್ 2019ರ ‘ಎಂಡ್‌ಗೇಮ್’ನಲ್ಲಿ ಸತ್ತಾಗ ಅತ್ತವರು, ಆ ಪಾತ್ರ ಮಾಡಿದ್ದ ಅದೇ ರಾಬರ್ಟ್ ಡೌನಿ ಜೂನಿಯರ್ 2024ರ ಜುಲೈನಲ್ಲಿ ಸ್ಯಾನ್ ಡಿಯೇಗೊ ವೇದಿಕೆಯ ಮೇಲೆ ಮುಖವಾಡ ತೆಗೆದು, ಇನ್ನು ನಾನು ಖಳನಾಯಕ ಡಾಕ್ಟರ್ ಡೂಮ್ ಎಂದಾಗ ಕೂಗಿ ಕುಣಿದರು. ಅತ್ತ ಕಣ್ಣೀರಿಗೆ ವಾರಂಟಿ ಅನ್ವಯಿಸುವುದಿಲ್ಲ.

ಪರೀಕ್ಷೆಯಲ್ಲಿ ಪಾಸಾದದ್ದು, ನನ್ನ ಮಟ್ಟಿಗೆ, 2023ರ ‘ಲೋಕಿ’ಯ ಎರಡನೇ ಸೀಸನ್. ಸಾಯುತ್ತಿರುವ ಕೊಂಬೆಗಳನ್ನೆಲ್ಲ ಬಾಚಿ ಹಿಡಿದು, ಅವು ಬದುಕಿರಲೆಂದು ಅವನು ಕಾಲದ ಕೊನೆಯಲ್ಲಿ ಒಬ್ಬನೇ ಕೂರುತ್ತಾನೆ. ಜೀವನವಿಡೀ ಸಿಂಹಾಸನ ಬೇಕು ಎಂದವನಿಗೆ ಸಿಕ್ಕ ಸಿಂಹಾಸನ ಅದು. ಎದ್ದರೆ ಎಲ್ಲ ಲೋಕಗಳೂ ಉದುರುತ್ತವೆ. ‘ಅವೆಂಜರ್ಸ್: ಡೂಮ್ಸ್‌ಡೇ’ಗೆಂದು 2025ರ ಮಾರ್ಚಿನಲ್ಲಿ ಕುರ್ಚಿಗಳ ಮೇಲೆ ಹೆಸರು ತೋರಿಸಿ ಪ್ರಕಟಿಸಿದ ತಾರಾಪಟ್ಟಿಯಲ್ಲಿ ಲೋಕಿಯ ಪಾತ್ರಧಾರಿ ಟಾಮ್ ಹಿಡಲ್‌ಸ್ಟನ್‌ನ ಕುರ್ಚಿಯೂ ಇತ್ತು.