ಬ್ರೇಕಿಗೂ ಎಡಬಲ

ಊಟ, ಆಶೀರ್ವಾದ, ದುಡ್ಡು ಕೊಡುವುದು ಎಲ್ಲ ನಮ್ಮಲ್ಲಿ ಬಲಗೈ ಕೆಲಸ. ಸೈಕಲ್ಲಿನ ಮುಂದಿನ ಬ್ರೇಕೂ ಅದರ ಸುಪರ್ದಿಯಲ್ಲೇ ಇದೆ. ಬ್ರಿಟನ್ನಿನಲ್ಲೂ ಹಾಗೇ. ಅಮೆರಿಕ, ಜರ್ಮನಿಗಳಲ್ಲಿ ಸಾಮಾನ್ಯವಾಗಿ ಅದು ಎಡಗೈ ಪಾಲು. ಆದರೆ ಮೋಟಾರ್‌ಸೈಕಲ್ ಹತ್ತಿದರೆ ಅಲ್ಲೂ ಮುಂದಿನ ಬ್ರೇಕ್ ಬಲಗೈಗೇ! ಎರಡನ್ನೂ ಓಡಿಸುವ ಅಮೆರಿಕದವರ ಕೈಗಳು ಹೇಗೆ ಸಂಸಾರ ಮಾಡುತ್ತವೋ.

ಕಾರಣವನ್ನೂ ಹೇಳುತ್ತಾರೆ. ರಸ್ತೆಯ ಎಡಬದಿಯಲ್ಲಿ ಹೋಗುವವರು ಬಲಕ್ಕೆ ತಿರುಗಲು ಬಲಗೈ ಚಾಚಬೇಕು. ಆಗ ಹ್ಯಾಂಡಲ್ ಹಿಡಿದಿರುವ ಎಡಗೈಗೆ ಸಾಧು ಸ್ವಭಾವದ ಹಿಂದಿನ ಬ್ರೇಕ್ ಇರಲಿ ಎಂದು. ಕೇಳಲು ಚೆನ್ನಾಗಿದೆ. ಕೈ ಚಾಚಿ ಸನ್ನೆ ಮಾಡಿ ತಿರುಗುವ ಸೈಕಲ್ ಸವಾರರನ್ನು ನಮ್ಮ ಪೇಟೆಬೀದಿಯಲ್ಲಿ ಯಾರಾದರೂ ತೋರಿಸಿದರೆ ಒಪ್ಪಿಕೊಳ್ಳೋಣ.

ನಿಜಕ್ಕೂ ಬಂಡಿ ನಿಲ್ಲಿಸುವುದು ಮುಂದಿನ ಬ್ರೇಕೇ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿ ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ. ಹಿಂದಿನದು ಹಗುರಾಗಿ ಜಾರಲು ನೋಡುತ್ತದೆ. ಆದರೂ, "ಲೋ, ಮುಂದಿನ ಬ್ರೇಕ್ ಹಿಡೀಬೇಡ್ವೋ, ಪಲ್ಟಿ ಹೊಡೀತೀಯ!" ಎಂದು ಕಿರುಚುತ್ತ ಸೈಕಲ್ ಕಲಿಸದ ಅಣ್ಣಂದಿರಿಲ್ಲ. ಒಮ್ಮೆಲೇ ಬಲವಾಗಿ ಹಿಡಿದರೆ ಹಾಗಾಗುವುದೂ ಉಂಟು, ಅಣ್ಣಂದಿರ ಮಾತು ಪೂರ್ತಿ ಸುಳ್ಳಲ್ಲ. ಮೆಲ್ಲಗೆ ಒತ್ತು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಡಚ್ಚರ ಎಷ್ಟೋ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ಕೈಗಳಿಗೆ ಜಗಳವೇ ಇಲ್ಲ. ನಮ್ಮ ಹಳ್ಳಿ ಹುಡುಗರೂ ಕಾಲಿಗೇ ಮತ ಹಾಕಿದವರು: ಬ್ರೇಕ್ ರಬ್ಬರು ಸವೆದುಹೋದರೆ ಹವಾಯಿ ಚಪ್ಪಲಿಯನ್ನು ಟೈರಿಗೆ ಒತ್ತುತ್ತಾರೆ. ಚಪ್ಪಲಿ ಸವೆದದ್ದು ಯಾಕೆಂದು ಮನೆಯಲ್ಲಿ ಕೇಳಿದರೆ, ನಡೆದು ನಡೆದು ಎನ್ನುತ್ತಾರೆ.