ಬಚ್ಚಲೊಲೆ ಮೀಮಾಂಸೆ: ಧನುರ್ಮಾಸಾಧಿಕರಣ

ದೊಡ್ಡಬಳ್ಳಾಪುರ ಸೀಮೆಯಲ್ಲಿ ಧನುರ್ಮಾಸದ ಚಳಿಗೆ ಮನೆ ಬೆಚ್ಚಗಿಡುವ ಸಾಧನ ಒಂದೇ, ಹಂಡೆ ಹೊತ್ತ ಬಚ್ಚಲೊಲೆ. ನೀರು ಕಾಯಿಸುವುದು ಅದರ ಗೌಣ ಪ್ರಯೋಜನ. ಮುಂದೆ ಕುಕ್ಕರಗಾಲಲ್ಲಿ ಕೂತು ಚಳಿ ಕಾಯಿಸುವುದೇ ಮುಖ್ಯವೆಂದು ಪ್ರಾಜ್ಞರ ಮತ. ಮುಖ ಬೆಂದು ಬೆನ್ನು ನಡುಗುವ ದೋಷಕ್ಕೆ ಶಾಸ್ತ್ರೋಕ್ತ ಪರಿಹಾರ ಕಂಬಳಿ.

ಈ ಒಲೆಗೆ ಸೌದೆ ಒಡ್ಡುವುದರಲ್ಲಿ ಎರಡು ದರ್ಶನಗಳಿವೆ. ಪೂರ್ವಪಕ್ಷ ತುರುಕುವಾದಿಗಳದು: ಸೌದೆ ಹೆಚ್ಚಿದಷ್ಟೂ ಬೆಂಕಿ ಹೆಚ್ಚು. ಹಬ್ಬಕ್ಕೆ ಬಂದ ಅಳಿಯಂದಿರಲ್ಲಿ ಈ ಪಂಥ ಪ್ರಬಲ. ಒಲೆಬಾಯಿ ಮುಚ್ಚುವಷ್ಟು ತುರುಕಿ, ಊದುಗೊಳವೆ ಹಿಡಿದು, ಕಣ್ಣೀರು ಸುರಿಸುತ್ತಲೇ ಮತಮಂಡನೆ ಮಾಡುತ್ತಾರೆ. ಹೊಗೆಯೆಂದರೆ ಉರಿಯದೆ ತಪ್ಪಿಸಿಕೊಂಡ ಸೌದೆ ಎಂಬುದು ಅವರಿಗೆ ಅಸಮ್ಮತ.

ಸಿದ್ಧಾಂತಿಗಳಾದ ಸಂದುವಾದಿಗಳು ಬಹುಪಾಲು ಅಜ್ಜಿಯರು. ಮೊದಲು ನಿನ್ನೆಯ ಬೂದಿ ಎಳೆದು ಗಾಳಿಗೆ ದಾರಿ ಬಿಡಬೇಕು. ಅಡಿಗೆ ಪುಳ್ಳೆ, ಒಂದೆರಡು ಒಣ ತೆಂಗಿನ ಗರಿ; ಮೇಲೆ ಅಡ್ಡಡ್ಡ ಸೀಳು ಸೌದೆ, ನಡುವೆ ಬೆರಳು ತೂರುವಷ್ಟು ಸಂದು. ಉರಿ ಹಂಡೆಯ ತಳ ನೆಕ್ಕಬೇಕು, ಒಲೆಬಾಯಿಂದಾಚೆ ನಾಲಿಗೆ ಚಾಚಬಾರದು. ನೀರು ಕಾದೊಡನೆ ಕೊಳ್ಳಿ ಹಿಂದಕ್ಕೆಳೆಯದವರಿಗೆ ಅಜ್ಜಿಯ ಬೈಗುಳವೇ ಪ್ರಾಯಶ್ಚಿತ್ತ.

ಇಲ್ಲಿ ನೀಲಗಿರಿಯ ಪ್ರಸಕ್ತಿ ಅನಿವಾರ್ಯ. ಅಂತರ್ಜಲ ಕುಡಿಯುವ ಆರೋಪ ಹೊತ್ತು, 2017ರಲ್ಲಿ ಹೊಸದಾಗಿ ನೆಡದಂತೆ ಸರ್ಕಾರದಿಂದ ನಿಷೇಧಕ್ಕೊಳಗಾದ ಈ ಮರ ಒಲೆಗೆ ಬಂದಾಗಲೂ ಕುಡಿದದ್ದನ್ನು ಸುಲಭಕ್ಕೆ ಬಿಡದು. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರು. ಅದರಲ್ಲಿ 1 ಲೀಟರ್ ಆವಿಯಾಗಲು ತಿನ್ನುವ ಶಾಖ ಸುಮಾರು 20 ಲೀಟರ್ ತಣ್ಣೀರನ್ನು ಸ್ನಾನಕ್ಕೆ ಹದವಾಗಿಸಬಲ್ಲದು. ಹಾಗಾಗಿ ಹಸಿ ಸೌದೆ ಒಡ್ಡುವವರ ಮನೆಯಲ್ಲಿ ಮೊದಲ ಸ್ನಾನ ಸೌದೆಯದೇ. ಸೂರಿನಡಿ ಒಂದು ಬೇಸಗೆ ಒಣಗಿದ್ದು ಮಾತ್ರ ಅಧಿಕಾರಿ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಬಳಗ, ಸೌದೆಯಡಿ ಜಾಲರಿ, ಹಿಂದೆ ಹೊಗೆಕೊಳವೆ ಇಟ್ಟು ಅಡುಗೆಗೆಂದು ಅಸ್ತ್ರ ಒಲೆ ರೂಪಿಸಿತು. ಸಂದುವಾದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬಂದಿಲ್ಲ. ಆದರೆ ಹಟವಾದಿ ತುರುಕುವಾದಿಗೆ ಅಸ್ತ್ರವೂ ನಾಟದು. ಜಾಲರಿಯ ಮೇಲೂ ಅವನು ತುರುಕಬಲ್ಲ.

ಉಳಿದದ್ದು ಕೆಂಡದ ಹಕ್ಕು. ಮೊಮ್ಮಕ್ಕಳದು ಗೆಣಸಿನ ಪಕ್ಷ, ಸೊಸೆಯದು ಬದನೆಕಾಯಿ ಪಕ್ಷ. ನಮ್ಮ ಮನೆಯಲ್ಲಿ ವಾದ ನಡೆಯುತ್ತಿರುವಾಗಲೇ ಅಳಿಯಂದಿರು ಇನ್ನೊಂದು ಕೊರಡು ತುರುಕಿ ಎರಡನ್ನೂ ಕರಕಲು ಮಾಡಿದರು.